ಅಳಿಸಿಹೋದ ದಾಖಲೆ: ‘ಸಿಟಿ ಹಂಟರ್’ ಧಾರಾವಾಹಿಯ ಮೊದಲ ಕಂತು

ಸಾಹಸಪ್ರಧಾನವಾದ ಕಥನದಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ನಾಯಕನ ಶೌರ್ಯವನ್ನಲ್ಲ, ಆ ಶೌರ್ಯಕ್ಕೆ ಪ್ರೇರಕವಾದ ಅನ್ಯಾಯವನ್ನು. ಅನ್ಯಾಯವು ಪೊಳ್ಳಾದರೆ ಮುಂದಿನ ಕಾಳಗವೆಲ್ಲ ಬರಿಯ ಗದ್ದಲವಾಗುತ್ತದೆ. ದಕ್ಷಿಣ ಕೊರಿಯದ ಎಸ್‌ಬಿಎಸ್ ವಾಹಿನಿಯಲ್ಲಿ 2011ರ ಮೇ ತಿಂಗಳಲ್ಲಿ ಆರಂಭವಾಗಿ 20 ಕಂತುಗಳಲ್ಲಿ ಮುಗಿದ ‘ಸಿಟಿ ಹಂಟರ್’ ಧಾರಾವಾಹಿಯ ಮೊದಲ ಕಂತು ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಹೆಸರು ತ್ಸುಕಾಸಾ ಹೋಜೋ ಅವರ ಜಪಾನೀ ಚಿತ್ರಕಥೆಯಿಂದ ಬಂದುದಾದರೂ ಕಂತಿನ ಬೇರು ಇರುವುದು ಕೊರಿಯದ ಇತಿಹಾಸದಲ್ಲಿ.

1983ರ ಅಕ್ಟೋಬರ್ 9ರಂದು ಬರ್ಮಾದ ರಂಗೂನಿನಲ್ಲಿ, ಆಂಗ್ ಸಾನರ ಸಮಾಧಿಸ್ಮಾರಕದಲ್ಲಿ ಬಾಂಬು ಸಿಡಿಯಿತು. ದಕ್ಷಿಣ ಕೊರಿಯದ ಅಧ್ಯಕ್ಷ ಚುನ್ ಡೂ-ಹ್ವಾನ್ ಅಲ್ಲಿಗೆ ಬರುವುದು ತಡವಾದ್ದರಿಂದ ಬದುಕುಳಿದರು. ಮಡಿದ 21 ಮಂದಿಯಲ್ಲಿ 17 ಮಂದಿ ದಕ್ಷಿಣ ಕೊರಿಯದವರು. ಅವರಲ್ಲಿ ಮಂತ್ರಿಗಳೂ ಇದ್ದರು. ಕೃತ್ಯವು ಉತ್ತರ ಕೊರಿಯದ್ದೆಂದು ನಿರ್ಧರಿಸಿದ ಬರ್ಮಾ ಆ ದೇಶದೊಡನೆ ರಾಜತಾಂತ್ರಿಕ ಸಂಬಂಧವನ್ನು ಕಡಿದುಕೊಂಡಿತು. ಸೋಲ್ ಸರ್ಕಾರ ಮಾತ್ರ ಸೈನ್ಯದ ಮೂಲಕ ಪ್ರತೀಕಾರಕ್ಕೆ ಇಳಿಯಲಿಲ್ಲ.

ಇತಿಹಾಸ ಹೀಗೆ ಸುಮ್ಮನಾದ ಸ್ಥಳದಲ್ಲಿಯೇ ಕಥೆ ಮಾತನಾಡತೊಡಗುತ್ತದೆ. ಪ್ರತೀಕಾರಕ್ಕಾಗಿ ಐವರು ಉನ್ನತಾಧಿಕಾರಿಗಳು ಗುಟ್ಟಾಗಿ 21 ಮಂದಿಯ ತಂಡವೊಂದನ್ನು ಪ್ಯೊಂಗ್‌ಯಾಂಗಿಗೆ ಕಳುಹಿಸುತ್ತಾರೆ. ಅಷ್ಟರಲ್ಲಿ ಅಮೆರಿಕದ ಅಣ್ವಸ್ತ್ರರಕ್ಷಣೆ ತಪ್ಪಿಹೋದೀತೆಂಬ ಭಯ ಹುಟ್ಟುತ್ತದೆ, ಯೋಜನೆಯನ್ನು ಕೈಬಿಡುತ್ತಾರೆ. ವಹಿಸಿದ ಕಾರ್ಯವನ್ನು ಪೂರೈಸಿ ನಾಂಪೋ ಕಡಲಿನಲ್ಲಿ ಈಜಿಬಂದ ಯೋಧರನ್ನು, ಕರೆದೊಯ್ಯಲು ಬಂದ ಜಲಾಂತರ್ಗಾಮಿಯಿಂದಲೇ ಗುಂಡಿಟ್ಟು ಕೊಲ್ಲುತ್ತಾರೆ. ಮಿತ್ರ ಪಾರ್ಕ್ ಮು-ಯೋಲನ ಬಲಿದಾನದಿಂದ ಉಳಿದ ಲೀ ಜಿನ್-ಪ್ಯೋ ಸ್ವದೇಶಕ್ಕೆ ಮರಳಿದಾಗ, ತಂಡದವರ ಸೇವಾದಾಖಲೆಗಳೆಲ್ಲ ಅಳಿಸಿಹೋಗಿವೆ.

ಲೆಕ್ಕಪತ್ರಗಳ ನಡುವೆ ದಿನಗಳೆಯುವ ನನ್ನಂಥವನಿಗೆ ಗುಂಡಿನ ಮಳೆಗಿಂತ ಈ ಅಳಿಸಿದ ದಾಖಲೆಯೇ ಘೋರವಾಗಿ ಕಂಡಿತು. ಸಾಲವನ್ನು ವಜಾ ಮಾಡಿದರೂ ಸಾಲಗಾರನ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ. ಇಲ್ಲಿ ಸತ್ತವರಿಗೆ ಹೆಸರೂ ಇಲ್ಲ. ಆದ್ದರಿಂದ ಯಾರೂ ಅವರಿಗೆ ಋಣಿಗಳಲ್ಲ.

ಇದು ಕೇವಲ ಕಲ್ಪನೆಯೂ ಅಲ್ಲ. 1968ರ ಜನವರಿಯಲ್ಲಿ ಉತ್ತರದ ಯೋಧರು ಅಧ್ಯಕ್ಷರ ನಿವಾಸವಾದ ನೀಲಭವನದ ಸಮೀಪದವರೆಗೂ ನುಗ್ಗಿಬಂದ ಮೇಲೆ, ದಕ್ಷಿಣ ಕೊರಿಯವು ಸಿಲ್ಮಿ ದ್ವೀಪದಲ್ಲಿ 31 ಮಂದಿಯ ಗುಪ್ತಪಡೆಯೊಂದನ್ನು ಕಟ್ಟಿತ್ತು. ಅವರ ದಾಳಿ ನಡೆಯಲೇ ಇಲ್ಲ. 1971ರ ಆಗಸ್ಟ್ 23ರಂದು ಅವರು ದಂಗೆಯೆದ್ದು, ಕಾವಲಿನವರನ್ನು ಕೊಂದು, ಬಸ್ಸನ್ನು ಅಪಹರಿಸಿ ಸೋಲ್ ನಗರದತ್ತ ಹೊರಟರು. ಬಹುಮಂದಿ ದಾರಿಯಲ್ಲಿಯೇ ಸತ್ತರು. ಉಳಿದ ನಾಲ್ವರಿಗೆ 1972ರಲ್ಲಿ ಮರಣದಂಡನೆಯಾಯಿತು. ಈ ವೃತ್ತಾಂತವನ್ನು ಕೊರಿಯದ ಜನ 2003ರ ‘ಸಿಲ್ಮಿಡೋ’ ಚಲನಚಿತ್ರದಲ್ಲಿ ಕಂಡಿದ್ದರು. ರಂಗೂನಿನ ಸ್ಫೋಟಕ್ಕೆ ಸಿಲ್ಮಿ ದ್ವೀಪದ ನೆನಪನ್ನು ಬೆಸೆದುದರಿಂದಲೇ ಈ ಕಂತಿಗೆ ಬಲ ಬಂದಿದೆ ಎಂದು ನನ್ನ ಅಭಿಪ್ರಾಯ. ಆದರೆ ಆ ಬೆಸುಗೆಯಲ್ಲಿ ಒಂದು ಜಾಣತನವೂ ಉಂಟು. ಸಿಲ್ಮಿ ದ್ವೀಪದವರು ದ್ರೋಹಕ್ಕೆ ಗುರಿಯಾದವರು, ತಾವೂ ರಕ್ತ ಹರಿಸಿದವರು. ಧಾರಾವಾಹಿಯ ಯೋಧರು ನಿಷ್ಕಳಂಕರು. ಪ್ರೇಕ್ಷಕನ ಕಣ್ಣೀರು ಸುಲಭವಾಗುತ್ತದೆ, ಸತ್ಯ ತೆಳುವಾಗುತ್ತದೆ.

ಈ ಕೊರತೆಯನ್ನು ಕಂತು ಬೇರೊಂದು ದಿಕ್ಕಿನಿಂದ ತುಂಬಿಕೊಡುತ್ತದೆ. ಮಗುವನ್ನು ನೋಡಿಕೊಳ್ಳೆಂದು ಬೇಡಿ ಸತ್ತ ಮಿತ್ರನ ಹಸುಳೆಯನ್ನು ಜಿನ್-ಪ್ಯೋ ತಾಯಿಯಿಂದ ಕದ್ದೊಯ್ಯುತ್ತಾನೆ. ಮಾದಕವಸ್ತುಗಳಿಗೆ ಕುಖ್ಯಾತವಾದ ‘ಸುವರ್ಣ ತ್ರಿಕೋನ’ದ ಕಾಡಿನಲ್ಲಿ ಸಾಕಿ, ಸೇಡಿನ ಆಯುಧವಾಗಿ ಹದಗೊಳಿಸುತ್ತಾನೆ. ದ್ರೋಣನ ವಧೆಗೆಂದೇ ಮಗನನ್ನು ಯಜ್ಞಕುಂಡದಿಂದ ಪಡೆದ ದ್ರುಪದ ನಮಗೆ ನೆನಪಾಗದಿರನು. ಆದರೆ ಧೃಷ್ಟದ್ಯುಮ್ನನನ್ನು ಯಾವ ತಾಯಿಯ ತೊಟ್ಟಿಲಿನಿಂದಲೂ ಕದಿಯಲಿಲ್ಲ. ಅಧಿಕಾರಿಗಳು ಯೋಧರಿಗೆ ಮಾಡಿದ್ದನ್ನೇ ಜಿನ್-ಪ್ಯೋ ಈ ಶಿಶುವಿಗೆ ಮಾಡಿದನಲ್ಲವೆ? ಅವರು 21 ಹೆಸರುಗಳನ್ನು ಅಳಿಸಿದರು. ಇವನು ಒಂದು ಹೆಸರನ್ನು ಅಳಿಸಿ ಮತ್ತೊಂದನ್ನು ಬರೆದನು. ಅದೇ ಕೈ ಮುಂದೆ ಹುಡುಗನನ್ನು ನೆಲಬಾಂಬಿನಿಂದ ಉಳಿಸಲು ಹೋಗಿ ತನ್ನ ಕಾಲನ್ನೇ ತೆರುತ್ತದೆ. ಪ್ರೀತಿ ಯಾವುದು, ಬಳಕೆ ಯಾವುದು ಎಂದು ಬಿಡಿಸಲಾಗದ ಈ ತೊಡಕನ್ನು ಕಿಮ್ ಸಾಂಗ್-ಜೂಂಗ್ ಬಿಗಿಯಾದ ಮುಖಭಾವದಲ್ಲಿಯೇ ಹಿಡಿದಿರುವುದು ಪ್ರಶಂಸನೀಯ.

ವಿಷಾದದ ಸಂಗತಿಯೆಂದರೆ, ತೊಟ್ಟಿಲು ಬರಿದಾದ ತಾಯಿಗೆ ಕಂತಿನಲ್ಲಿ ದೊರೆತ ಅವಕಾಶ ಅತ್ಯಲ್ಪ. ಕ್ಯಾಮೆರಾ ಅವಳನ್ನು ಬಿಟ್ಟು ಕಾಡಿನ ಕಾಳಗದತ್ತ ಓಡುತ್ತದೆ. ರಾಜ್ಯವು ಅಳಿಸಿದ ಹೆಸರುಗಳಿಗಾಗಿ ಹೋರಾಡುವ ಕಥೆ, ಸೇಡು ಅಳಿಸಿದ ಹೆಸರಿಗೂ ಅಷ್ಟೇ ಋಣಿಯಾಗಿರಬೇಕು. ಆ ಋಣವನ್ನು ಮೊದಲ ಕಂತು ಗುರುತಿಸಿದೆ. ತೀರಿಸುವ ಹೊಣೆಯನ್ನು ಮುಂದಿನ ಕಂತುಗಳಿಗೆ ಬಿಟ್ಟಿದೆ.