ಸ್ವಿಚ್ಚು ಗೋಡೆಯ ಮೇಲೇ ಇರಲಿ

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳ ಮಾದರಿ ಫ್ಲ್ಯಾಟಿಗೆ ಹೋದರೆ ಮಾರಾಟದ ಹುಡುಗ ಈಗ ಮೊದಲು ಫೋನು ತೆಗೆಯುತ್ತಾನೆ. ‘ಗುಡ್ ನೈಟ್’ ಎನ್ನುತ್ತಾನೆ. ನಡುಮನೆಯ ದೀಪಗಳು ಆರುತ್ತವೆ, ಪರದೆ ಸರಿಯುತ್ತದೆ, ಮುಂಬಾಗಿಲಿಗೆ ಬೀಗ ಬೀಳುತ್ತದೆ, ಏಸಿ 24ಕ್ಕೆ ಬಂದು ನಿಲ್ಲುತ್ತದೆ. ನೋಡಲು ಸೊಗಸು. ಆ ಫ್ಲ್ಯಾಟಿನಲ್ಲಿ ಇನ್ನೂ ಯಾರೂ ಸಂಸಾರ ಹೂಡಿಲ್ಲ ಅನ್ನುವುದನ್ನು ಮಾತ್ರ ಮರೆಯಬಾರದು.

ಈ ಅನುಕೂಲವನ್ನು ಶೋಕಿ ಎಂದು ತಳ್ಳಿಹಾಕುವವರ ಗುಂಪಿನವನು ನಾನಲ್ಲ. ಮಂಡಿನೋವಿನ ಅಜ್ಜಿಗೆ, ಹಾಸಿಗೆ ಹಿಡಿದವರಿಗೆ, ಗಾಲಿಕುರ್ಚಿಯಲ್ಲಿರುವವರಿಗೆ ಕೂತಲ್ಲಿಂದಲೇ ಫ್ಯಾನು ಹಾಕಿಕೊಳ್ಳುವುದು ಸ್ವಾತಂತ್ರ್ಯವೇ ಸರಿ. ಸ್ವಯಂಚಾಲನೆ ನಮಗೆ ಹೊಸತೂ ಅಲ್ಲ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸಿ, ತುಂಬಿದ ಮೇಲೆ ತಾನೇ ನಿಲ್ಲುವ ಮೋಟಾರು ಎಷ್ಟೋ ಮನೆಗಳಲ್ಲಿದೆ. ನಮ್ಮ ರೈತರು ತೋಟದ ಬೋರ್‌ವೆಲ್ಲಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ಅದರೊಳಗಿನ ಸಿಮ್ಮಿಗೆ ಕರೆ ಮಾಡಿದರೆ ಮೋಟಾರು ಓಡುತ್ತದೆ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಹಾವು-ಚಿರತೆಗೆ ಹೆದರುತ್ತ ಕತ್ತಲಲ್ಲಿ ನಡೆಯುವುದು ತಪ್ಪಿತು. ತಪ್ಪಿದ ಕಷ್ಟ ದೊಡ್ಡದು, ಅದಕ್ಕೆ ಬೇಕಾದ ಯಂತ್ರ ಚಿಕ್ಕದು. ನನ್ನ ಅಳತೆಗೋಲು ಇದೇ.

ಸಮಗ್ರ ವ್ಯವಸ್ಥೆ ಎಂದು ಮಾರುವುದು ಬೇರೆಯದೇ ಸರಕು. ಅದು ದೀಪ, ಬೀಗ, ಕ್ಯಾಮೆರಾ, ಗೀಸರ್‌ಗಳನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟುತ್ತದೆ. ಆ ಹಗ್ಗದ ತುದಿ ಹೆಚ್ಚಿನ ಸಂದರ್ಭಗಳಲ್ಲಿ ಮನೆಯಲ್ಲಿರುವುದಿಲ್ಲ. 2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್‌ನ ದತ್ತಾಂಶ ಕೇಂದ್ರಗಳ ವ್ಯವಸ್ಥೆ ಎಡವಿದಾಗ ಅಲೆಕ್ಸಾ ಮಾತು ಕೇಳಲಿಲ್ಲ, ರಿಂಗ್ ಕ್ಯಾಮೆರಾಗಳು ಕೈಕೊಟ್ಟವು. ಎಯ್ಟ್ ಸ್ಲೀಪ್ ಕಂಪನಿಯ ಸ್ಮಾರ್ಟ್ ಹಾಸಿಗೆ ಕೊಂಡವರು ಹಾಸಿಗೆ ವಿಪರೀತ ಬಿಸಿಯಾಯಿತು, ತಲೆಭಾಗ ಎತ್ತಿದ್ದು ಇಳಿಯಲಿಲ್ಲ ಎಂದು ದೂರಿದರು. ಮಲಗುವ ಹಾಸಿಗೆಗೂ ಇಂಟರ್ನೆಟ್ಟಿನ ಹಂಗು! ಇದಕ್ಕೆ ಹೋಲಿಸಿದರೆ, 1975ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಎಕ್ಸ್10 ಎಂಬ ವ್ಯವಸ್ಥೆ ಮನೆಯ ವಿದ್ಯುತ್ ತಂತಿಯಲ್ಲೇ ಸಂಕೇತ ಕಳಿಸಿ ದೀಪ ಆರಿಸುತ್ತಿತ್ತು. ಹೊರಗಿನವರ ಅಪ್ಪಣೆ ಅದಕ್ಕೆ ಬೇಕಿರಲಿಲ್ಲ.

ಇನ್ನು ಕಂಪನಿಯೇ ಕೈಬಿಟ್ಟರೆ? ರಿವಾಲ್ವ್ ಎಂಬ ನಿಯಂತ್ರಣ ಪೆಟ್ಟಿಗೆಯನ್ನು ಜನ 300 ಡಾಲರ್ ಕೊಟ್ಟು ಕೊಂಡಿದ್ದರು. ಗೂಗಲ್ ಒಡೆತನದ ನೆಸ್ಟ್ ಆ ಕಂಪನಿಯನ್ನು 2014ರಲ್ಲಿ ಕೊಂಡು, 2016ರ ಮೇ ತಿಂಗಳಲ್ಲಿ ಸೇವೆ ನಿಲ್ಲಿಸಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ಆದರೂ ಕೆಲಸಕ್ಕೆ ಬಾರದಾಯಿತು. ಇಂಥದೇ ಉಪಕರಣಗಳ ಇನ್‌ಸ್ಟಿಯಾನ್ ಕಂಪನಿ 2022ರ ಏಪ್ರಿಲ್‌ನಲ್ಲಿ ಒಂದು ಮಾತೂ ಹೇಳದೆ ಸರ್ವರ್ ಆರಿಸಿತು. ಕಡೆಗೆ ಬಳಕೆದಾರರದೇ ಒಂದು ಗುಂಪು ಅದನ್ನು ಕೊಂಡು ಬದುಕಿಸಬೇಕಾಯಿತು. ಗೋಡೆಯೊಳಗಿನ ವೈರಿಂಗ್ ಇಪ್ಪತ್ತು-ಮೂವತ್ತು ವರ್ಷ ಬಾಳಬೇಕಾದದ್ದು. ಅದನ್ನು ಮೂರು ವರ್ಷಕ್ಕೊಮ್ಮೆ ಮನಸ್ಸು ಬದಲಿಸುವವರ ಕೈಗೆ ಕೊಡುವುದು ಜಾಣತನವಲ್ಲ.

ಅಮೆಜಾನ್, ಆ್ಯಪಲ್, ಗೂಗಲ್, ಸ್ಯಾಮ್‌ಸಂಗ್ ಒಟ್ಟಿಗೆ ಕೂತು 2022ರ ಅಕ್ಟೋಬರ್‌ನಲ್ಲಿ ‘ಮ್ಯಾಟರ್’ ಎಂಬ ಸಮಾನ ಮಾನದಂಡ ಹೊರತಂದದ್ದು ಒಳ್ಳೆಯ ಬೆಳವಣಿಗೆ. ಉಪಕರಣಗಳು ಮನೆಯ ಜಾಲದೊಳಗೇ ಮಾತಾಡಿಕೊಳ್ಳಬಲ್ಲವು. ‘ಹೋಮ್ ಅಸಿಸ್ಟೆಂಟ್’ ಎಂಬ ಮುಕ್ತ ತಂತ್ರಾಂಶ ಇನ್ನೂ ಸ್ವತಂತ್ರ, ಆದರೆ ಅದನ್ನು ಸಾಕಲು ಮನೆಯಲ್ಲೊಬ್ಬ ಎಂಜಿನಿಯರ್ ಇರಬೇಕು.

ನಮ್ಮ ಮನೆಗಳ ರೀತಿಯೇ ಬೇರೆ. ಹೊರಗೆ ಹೊರಡುವಾಗ ಸ್ವಿಚ್ ಆರಿಸುವುದನ್ನು ಚಿಕ್ಕಂದಿನಿಂದ ಕಲಿತ ಜನ ನಾವು; ಅಮ್ಮ ಗೋಡೆಯ ಸ್ವಿಚ್ ಆರಿಸಿದಳೆಂದರೆ ಸ್ಮಾರ್ಟ್ ಬಲ್ಬಿನ ಜಾಣತನವೂ ಅಲ್ಲಿಗೇ ಮುಗಿಯಿತು. ಕರೆಂಟು ಹೋಗಿ ನಡುರಾತ್ರಿ ಮರಳಿ ಬಂದಾಗ ಎಷ್ಟೋ ಬಲ್ಬುಗಳು ತಾವಾಗಿಯೇ ಪೂರ್ತಿ ಬೆಳಕಿನಲ್ಲಿ ಹೊತ್ತಿಕೊಳ್ಳುತ್ತವೆ. ಹಾಗಾಗದಂತೆ ಮಾಡುವ ಸೆಟ್ಟಿಂಗ್ ಕೆಲವದರಲ್ಲಿ ಇದೆ, ಹುಡುಕಬೇಕು. ರೂಟರಿಗೆ ಯುಪಿಎಸ್ ಇಲ್ಲದಿದ್ದರೆ ಅದರ ಕಥೆ ಇನ್ನೊಂದು. 3,000 ವಾಟ್‌ನ ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಅಗ್ಗಕ್ಕೆ ಸಿಕ್ಕಿತೆಂದು 10 ಆಂಪಿಯರ್‌ನ ಸ್ಮಾರ್ಟ್ ಪ್ಲಗ್ ಹಾಕುವುದು ಬೆಂಕಿಯ ಜೊತೆ ಸರಸ.

ಯಾರೂ ಜಾಹೀರಾತಿನಲ್ಲಿ ಹೇಳದ ಸಂಗತಿಯೊಂದಿದೆ. ಇಂಥ ಮನೆಯಲ್ಲಿ ಒಬ್ಬರು ಖಾಯಂ ಮೇಸ್ತ್ರಿಯಾಗುತ್ತಾರೆ, ಸಾಮಾನ್ಯವಾಗಿ ಪಾಸ್‌ವರ್ಡ್ ಗೊತ್ತಿರುವ ಗಂಡಸು. ಅವನು ಊರಲ್ಲಿಲ್ಲದಾಗ ಅತ್ತೆ, ಸೊಸೆ, ಕೆಲಸದಾಕೆ ಎಲ್ಲರೂ ಅವನ ಫೋನಿಗೆ ಕಾಯಬೇಕು. ಕ್ಯಾಮೆರಾದಲ್ಲಿ ಯಾರು ಯಾರನ್ನು ನೋಡುತ್ತಾರೆ ಎಂಬುದನ್ನು ನಿರ್ಧರಿಸುವವನೂ ಅವನೇ. ಮೇಲಾಗಿ ಅಲೆಕ್ಸಾ 2019ರಲ್ಲಿ ಹಿಂದಿ ಕಲಿತಳು. ಕನ್ನಡ ಮಾತ್ರ ಗೊತ್ತಿರುವ ಅಜ್ಜಿ, ಅಂದರೆ ಈ ಅನುಕೂಲ ಯಾರಿಗೆ ಹೆಚ್ಚು ಬೇಕೋ ಅವರೇ, ಹೊರಗೆ ಉಳಿದರು.

ಹಾಗಾಗಿ ನನ್ನ ತೀರ್ಪು ಇಷ್ಟು: ಒಂದೊಂದು ಕಷ್ಟಕ್ಕೆ ಒಂದೊಂದು ಉಪಕರಣ ಒಪ್ಪಿಗೆ, ಇಡೀ ಮನೆಯನ್ನು ಒಂದೇ ಕಂಪನಿಗೆ ಒಪ್ಪಿಸುವ ಪ್ಯಾಕೇಜು ಬೇಡ. ಮನೆ ಕಟ್ಟಿಸುತ್ತಿರುವವರು ಎಲೆಕ್ಟ್ರಿಷಿಯನ್‌ಗೆ ಹೇಳಿ ಪ್ರತಿ ಸ್ವಿಚ್ ಬಾಕ್ಸಿಗೂ ನ್ಯೂಟ್ರಲ್ ವೈರ್ ಎಳೆಸಿಕೊಳ್ಳಿ. ಮುಂದೆ ಏನೇ ಹಾಕಿಸಿದರೂ ಗೋಡೆ ಒಡೆಯುವುದು ತಪ್ಪುತ್ತದೆ. ಸ್ಮಾರ್ಟ್ ಬೀಗಕ್ಕೆ ಮಾಮೂಲಿ ಕೀಲಿಕೈ ಇರಲಿ. ಫ್ಲ್ಯಾಟ್ ನೋಡಲು ಹೋದವರು ಮುಂಗಡ ಕೊಡುವ ಮೊದಲು ಆ ಹುಡುಗನಿಗೆ ರೂಟರ್ ಆರಿಸಿ ಇನ್ನೊಮ್ಮೆ ‘ಗುಡ್ ನೈಟ್’ ಹೇಳಿ ತೋರಿಸು ಅನ್ನಿ.