ಉಗುರಗಲದ ಹಸಿರು

ಸಾವಿರ ರೂಪಾಯಿಯ ಸೀರೆ ಕೊಳ್ಳುವಾಗ ನಾವು ಅಂಗಡಿಯವನನ್ನು ಎಷ್ಟು ಗೋಳುಹೊಯ್ದುಕೊಳ್ಳುತ್ತೇವೆ! ಟ್ಯೂಬ್‌ಲೈಟಿನಡಿ ನೋಡಿದ್ದು ಸಾಲದೆಂದು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿಯುತ್ತೇವೆ, ಹೆಗಲ ಮೇಲೆ ಹಾಕಿ ಕನ್ನಡಿ ನೋಡುತ್ತೇವೆ, ಒಪ್ಪುವ ರವಿಕೆ ಮನೆಯಲ್ಲಿದೆಯೇ ಎಂದು ನೆನೆಯುತ್ತೇವೆ. ಅದೇ ನಾವು, ವರ್ಷಗಟ್ಟಲೆ ಕಣ್ಣೆದುರಿಗಿರುವ ಗೋಡೆಯ ಬಣ್ಣವನ್ನು ಉಗುರಗಲದ ಚೌಕ ನೋಡಿ ಆರಿಸಿಬಿಡುತ್ತೇವೆ. ಪೇಂಟ್ ಅಂಗಡಿಯ ಶೇಡ್ ಕಾರ್ಡಿನ ಮೇಲೆ ನನಗಿರುವ ತಕರಾರು ಇದೇ.

ತಕರಾರು ಹುಟ್ಟಿದ್ದು ಅತ್ತೆಯ ಕೋಣೆಯಲ್ಲಿ. ಮಂಡಿನೋವು ಹೆಚ್ಚಾದ ಮೇಲೆ ಅವರ ಹಗಲೆಲ್ಲ ಅಲ್ಲೇ. ಸಾಗರದ ಮಳೆಗೆ ಗೋಡೆ ಬೂಸಲು ಹಿಡಿದಿತ್ತು. ಕೆರೆಸಿ, ಒಣಗಿಸಿ, ಎಳೆಹಸಿರು ಹೊಡೆಸುವುದೆಂದಾಯಿತು. ಕಾರ್ಡಿನಲ್ಲಿ ಬಾಳೆಯ ಸುಳಿಯಂಥದ್ದೊಂದನ್ನು ನಾನೇ ಆರಿಸಿದೆ. ಎರಡು ಕೋಟ್ ಮುಗಿದು ಒಳಗೆ ಹೋದರೆ, ಗಿಳಿಯ ಹೊಟ್ಟೆಯೊಳಗೆ ಹೊಕ್ಕಂತಾಯಿತು! ಪೇಂಟರ್ ಕಾರ್ಡನ್ನು ಗೋಡೆಗೆ ಹಿಡಿದು, “ನೋಡಿ ಅಕ್ಕಾ, ಅದೇ ಬಣ್ಣ” ಎಂದ. ಅದೇ ಬಣ್ಣವೇ. ಅತ್ತೆ ಏನೂ ಅನ್ನಲಿಲ್ಲ. ಕಿಟಕಿಯ ಕಡೆಗೇ ಮುಖ ಮಾಡಿ ಮಲಗತೊಡಗಿದರು.

ಕಾರ್ಡು ಸುಳ್ಳು ಹೇಳುವುದಿಲ್ಲ, ಆದರೆ ಅದಕ್ಕೆ ನೆರೆಹೊರೆಯಿಲ್ಲ. ನಾಲ್ಕು ಗೋಡೆಗಳು ಒಂದಕ್ಕೊಂದು ಬಣ್ಣ ಎರಚುತ್ತವೆ, ಕಿಟಕಿಯಾಚೆಯ ಅಡಿಕೆ ತೋಟ ತನ್ನ ಹಸಿರನ್ನೂ ಒಳಗೆ ಕಳಿಸುತ್ತದೆ. ಕೆಳಗೆ ನಮ್ಮ ಕೆಂಪು ರೆಡ್‌ಆಕ್ಸೈಡ್ ನೆಲ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನಿಗೂ ಇಂಥದೇ ದೂರು ಬಂದಿತ್ತು, ಕಪ್ಪು ನೂಲು ಕಪ್ಪಾಗಿಲ್ಲವೆಂದು. ನೂಲಿನಲ್ಲಿ ದೋಷವಿರಲಿಲ್ಲ, ಪಕ್ಕದ ಬಣ್ಣ ಅದನ್ನು ಮಂಕಾಗಿ ತೋರಿಸುತ್ತಿತ್ತು. 1839ರಲ್ಲಿ ಅವನು ಇದನ್ನೇ ಪುಸ್ತಕ ಮಾಡಿದ. ಕೆಂಪಿನ ಪಕ್ಕ ಕೂತ ಹಸಿರು ಇನ್ನಷ್ಟು ಹಸಿರಾಗುತ್ತದೆ. ಕೆಂಪಂಚಿನ ಹಸಿರು ಸೀರೆ ಉಟ್ಟವರಿಗೆ ಇದು ಗೊತ್ತಿಲ್ಲದ್ದೇನಲ್ಲ, ಗೋಡೆಯ ಮುಂದೆ ಮರೆತಿದ್ದೆವು, ಅಷ್ಟೆ.

“ನೆಲದ್ದೇ ತೊಂದರೆಯಾದರೆ ಬಿಳಿ ಟೈಲ್ಸ್ ಹಾಕಿಸಿಬಿಡೋಣ” ಎಂದರು ನಮ್ಮನೆಯವರು. ಮದುವೆಯಾಗಿ ಬಂದಾಗಿನಿಂದ ಅತ್ತೆ ಒರೆಸಿ ಒರೆಸಿ ಕನ್ನಡಿ ಮಾಡಿದ ನೆಲ ಅದು. ಆಗ ಹೊಳೆಯಿತು, ಈ ಗಲಾಟೆಯಲ್ಲಿ ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಕೇಳಿದೆ.

“ನೆಲ ಇರಲಿ ಕಣೇ. ಗೋಡೆ ಸ್ವಲ್ಪ ಸುಮ್ಮನಿದ್ದರೆ ಸಾಕು” ಎಂದರು.

ಗೋಡೆಯನ್ನು ಸುಮ್ಮನಾಗಿಸುವುದು ಹೇಗೆ? ಬಿಳಿ ಬೆರೆಸಿದರೆ ಗಿಳಿಹಸಿರು ತಿಳಿಯಾಗುತ್ತದೆಯೇ ಹೊರತು ಗಿಳಿತನ ಬಿಡುವುದಿಲ್ಲ. ಅದಕ್ಕೆ ಬೂದಿಯ ಛಾಯೆ ಬೇಕು, ಇಲ್ಲವೇ ಎದುರಾಳಿಯಾದ ಕೆಂಪೇ ಚೂರು ಬೀಳಬೇಕು. ಕಾರ್ಡಿನಲ್ಲಿ ಮಂಕೆಂದು ನಾನು ಮೂಗು ಮುರಿದಿದ್ದ ಎರಡು ಬೂದುಹಸಿರುಗಳನ್ನು ಒಂದೊಂದೇ ಲೀಟರ್ ತರಿಸಿ, ಎರಡು ದೊಡ್ಡ ರಟ್ಟುಗಳಿಗೆ ಬಳಿಸಿದೆ. ಒಣಗಿದ ಮೇಲೆ ನೆಲಕ್ಕೆ ತಾಗಿಸಿ, ಬೆಳಿಗ್ಗೆ, ಸಂಜೆ, ದೀಪದಡಿ ಎಂದು ಮೂರು ದಿನ ನೋಡಿದೆವು. ಬಿಳಿ ಎಲ್‌ಇಡಿ ಬಲ್ಬಿನಡಿ ಎರಡೂ ಆಸ್ಪತ್ರೆಯಂತಿದ್ದವು. ಬಲ್ಬ್ ಬದಲಿಸಿ ಹಳದಿ ಬೆಳಕಿನದು ಹಾಕಿದೆವು. ಬಣ್ಣಕ್ಕಿಂತ ಅಗ್ಗದ ಉಪಾಯ! ಸೀಲಿಂಗಿಗೆ ಅಚ್ಚಬಿಳಿ ಬಿಟ್ಟು ಕೆನೆಬಣ್ಣ, ಪರದೆಗೆ ಸಾದಾ ಹತ್ತಿ ಬಟ್ಟೆ. ಬಾಗಿಲ ಮರ ಇದ್ದಂತೆಯೇ ಇರಲೆಂದೆ.

ರಟ್ಟುಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ತುಸು ಹಳದಿ ಕಡೆಗಿನದು. ಅತ್ತೆ ಇನ್ನೊಂದನ್ನು ತೋರಿಸಿದರು. ಅವರ ಕಣ್ಣಿಗೆ ಪೊರೆ ಬಂದಿದೆ, ಪೊರೆಯ ಕಣ್ಣು ಎಲ್ಲದಕ್ಕೂ ತಾನೇ ಒಂದಿಷ್ಟು ಹಳದಿ ಸೇರಿಸಿಕೊಳ್ಳುತ್ತದಂತೆ. ನನಗೆ ಎಳೆಹುಲ್ಲಾಗಿ ಕಂಡದ್ದು ಅವರಿಗೆ ಒಣಹುಲ್ಲಾಗಿತ್ತೋ ಏನೋ. ಅವರು ತೋರಿಸಿದ್ದನ್ನೇ ಹೊಡೆಸಿದೆವು.

ನನ್ನ ಕಣ್ಣಿಗೆ ಆ ಗೋಡೆ ಈಗಲೂ ತುಸು ನೀಲಿಯೇ. ಅತ್ತೆ ಮಾತ್ರ ಮಧ್ಯಾಹ್ನ ಗೋಡೆಯ ಕಡೆಗೆ ಹೊರಳಿ ನಿದ್ದೆಹೋಗುತ್ತಾರೆ.