ಇಕ್ಕಟ್ಟಿನ ಮನೆಯಿಂದ ಹೊರಬಿದ್ದ ಅಕ್ಷರ

ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆಯನ್ನು, ಅಂದರೆ ಆಪರೇಟಿಂಗ್ ಸಿಸ್ಟಂ ಅನ್ನು, ಚಿಕ್ಕ ಜಾಗದಲ್ಲಿ ಅಡಕಗೊಳಿಸುವುದು ತಂತ್ರಜ್ಞರ ಗೊಡವೆ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಏನನ್ನು ಇಡಬೇಕು, ಏನನ್ನು ಬಿಡಬೇಕು ಎಂಬ ಆಯ್ಕೆ ಇದರಲ್ಲಿರುವುದರಿಂದ, ಒಂದು ಕವನ ಸಂಕಲನವನ್ನು ವಿಮರ್ಶಿಸುವಂತೆ ಇದನ್ನೂ ವಿಮರ್ಶಿಸಬಹುದು. ಒಂದೇ ಖೋಲಿಯಲ್ಲಿ ಸಂಸಾರ ಹೂಡಿ ಗೊತ್ತಿರುವ ನಮ್ಮವರಿಗಂತೂ ಈ ಕಷ್ಟ ಹೊಸದಲ್ಲ.

ಈ ಶತಮಾನದ ಮೊದಲ ದಶಕದಲ್ಲಿ ಜಾನ್ ಆಂಡ್ರ್ಯೂಸ್ ರೂಪಿಸಿದ 'ಡ್ಯಾಮ್ ಸ್ಮಾಲ್ ಲಿನಕ್ಸ್' ಈ ಬಗೆಯ ಕೃತಿಗಳಲ್ಲಿ ಅತ್ಯಂತ ಶಿಸ್ತಿನದು. 50 ಎಂಬಿ ಮೀರಕೂಡದೆಂಬ ನಿಯಮವನ್ನು ಅದು ತಾನೇ ಹಾಕಿಕೊಂಡಿತ್ತು. ವಿಸಿಟಿಂಗ್ ಕಾರ್ಡಿನಷ್ಟು ಚಿಕ್ಕ ಸಿ.ಡಿ.ಯಲ್ಲಿ ಬ್ರೌಸರ್, ಅಂಚೆ, ಲೆಕ್ಕದ ಹಾಳೆ, ಸಂಗೀತ ಎಲ್ಲವೂ ಇದ್ದವು. 16 ಎಂಬಿ ಮೆಮೊರಿಯ ಹಳೆಯ 486 ಯಂತ್ರದಲ್ಲೂ ಓಡುತ್ತಿತ್ತು. 2024ರಲ್ಲಿ ಅದು ಮರುಹುಟ್ಟು ಪಡೆದಾಗ ಮಿತಿ 700 ಎಂಬಿಗೆ ಏರಿತು. ಇದನ್ನು ಸೋಲೆನ್ನಲಾರೆ; ಇಂದಿನ ಬ್ರೌಸರೊಂದೇ ಹಳೆಯ ಮನೆಯನ್ನು ತುಂಬಿಬಿಡುತ್ತದೆ. ಮೊದಲ ಕೃತಿಯ ನಿಜವಾದ ಕೊರತೆ ಬೇರೆಡೆ ಇತ್ತು. ಅದು ನೆಚ್ಚಿದ್ದ ಹಳೆಯ ಜಿಟಿಕೆ ಸಾಮಗ್ರಿಗೆ ನಮ್ಮ ಒತ್ತಕ್ಷರಗಳನ್ನು ಕೂಡಿಸಿ ತೋರಿಸಲು ಬರುತ್ತಿರಲಿಲ್ಲ. ಐವತ್ತರ ಆ ಲೆಕ್ಕದಲ್ಲಿ ಕನ್ನಡಕ್ಕೆ ಪಾಲಿರಲಿಲ್ಲ.

ಮೈಕ್ರೋಸಾಫ್ಟಿನ ದಾರಿ ಬೇರೆ. ವಿಂಡೋಸ್ 10 (2015) ತನ್ನ ಕಡತಗಳನ್ನು ಹಿಂಡಿ ಇಟ್ಟು, ಓದುವಾಗ ಬಿಡಿಸಿಕೊಳ್ಳುವ 'ಕಾಂಪ್ಯಾಕ್ಟ್ ಓಎಸ್' ಎಂಬ ಏರ್ಪಾಡು ತಂದಿತು. 64 ಬಿಟ್ ಯಂತ್ರದಲ್ಲಿ ಇದರಿಂದ ಸುಮಾರು 2.6 ಜಿಬಿ ಉಳಿಯುವುದೆಂದು ಸಂಸ್ಥೆಯೇ ಹೇಳಿತ್ತು. ಏನನ್ನೂ ಎಸೆಯದೆ ಮಡಿಸಿಡುವ ಈ ಕ್ರಮ ಮೆಚ್ಚತಕ್ಕದ್ದೇ. ಆದರೆ 2019ರಲ್ಲಿ ಅದೇ ವಿಂಡೋಸ್ ಹೊಸ ಯಂತ್ರಗಳಲ್ಲಿ ಮುಂದಿನ ಪರಿಷ್ಕರಣೆಗಳಿಗೆಂದು ಸುಮಾರು 7 ಜಿಬಿ ಕಾದಿರಿಸತೊಡಗಿತು. ಕನಿಷ್ಠ ಸಂಗ್ರಹವೂ 32 ಜಿಬಿಗೆ ಏರಿತು. ಎರಡು ಸೇರು ಉಳಿಸಿ ಏಳು ಸೇರು ಕಟ್ಟಿಟ್ಟ ಗೃಹಕೃತ್ಯವಿದು.

ನನ್ನ ಮುಖ್ಯ ಆಕ್ಷೇಪ ಮೂರನೆಯ ಉಪಾಯದ ಮೇಲೆ: ಬೇಕಾದವರು ಕೇಳಿ ಪಡೆಯಲಿ ಎಂದು ವಸ್ತುಗಳನ್ನು ಹೊರಗಿಡುವುದು. 2001ರ ಎಕ್ಸ್‌ಪಿಯೊಂದಿಗೆ ಬಂದ ಕನ್ನಡ ಅಕ್ಷರವಿನ್ಯಾಸ 'ತುಂಗಾ' ವಿಂಡೋಸ್ 10ರಲ್ಲಿ ಹೀಗೆ ಹೊರಗಾಯಿತು. ಒಳಗೆ ಉಳಿದ 'ನಿರ್ಮಲಾ' ಕನ್ನಡವನ್ನು ಚೆನ್ನಾಗಿಯೇ ತೋರಿಸುತ್ತದೆ, ಅದರ ಬಗ್ಗೆ ದೂರಿಲ್ಲ. ಕನ್ನಡವನ್ನು ಭಾಷೆಯಾಗಿ ಸೇರಿಸಿಕೊಂಡವರಿಗೆ ತುಂಗಾ ತಾನಾಗಿ ಬರುತ್ತದೆ. ಮುಂಬಯಿ, ದಿಲ್ಲಿಗಳಲ್ಲಿ ಅಂಗಡಿಯವನು ಇಂಗ್ಲಿಷಿನಲ್ಲಿ ಹೊಸದಾಗಿ ಅಣಿಗೊಳಿಸಿ ಕೊಟ್ಟ ಯಂತ್ರಕ್ಕೆ ಯಾರು ಸೇರಿಸಿಯಾರು? ತುಂಗಾದಲ್ಲಿ ಜೋಡಿಸಿದ ಹಳೆಯ ಸ್ಮರಣಸಂಚಿಕೆಯನ್ನೋ ಲಗ್ನಪತ್ರಿಕೆಯನ್ನೋ ತೆರೆದರೆ ಬೇರೆ ಅಕ್ಷರ ಬಂದು ಕೂರುತ್ತದೆ. ಸಾಲುಗಳು ಒಡೆದು, ಪುಟಗಳು ಸರಿಯುತ್ತವೆ. ಅಕ್ಷರ ಬದಲಾಯಿತೆಂಬ ಎಚ್ಚರಿಕೆಯೂ ಸಾಮಾನ್ಯವಾಗಿ ಕಾಣುವುದಿಲ್ಲ. ಕಡತವೇ ಕೆಟ್ಟಿತೆಂದು ಮನೆಮಂದಿ ತಿಳಿದರೆ ತಪ್ಪೇನು?

ಜಾಗ ಉಳಿಸಿದ್ದಕ್ಕೆ ಆಕ್ಷೇಪವಿಲ್ಲ. ಹೊರಗಿಟ್ಟದ್ದನ್ನು ಬಾಯಿಬಿಟ್ಟು ಹೇಳದಿದ್ದುದು ದೋಷ. ವಿಂಡೋಸ್ 11ರಲ್ಲೂ ಇದೇ ಪದ್ಧತಿ ಮುಂದುವರಿದಿದೆ. ಸೆಟ್ಟಿಂಗ್ಸ್‌ನೊಳಗೆ 'ಆಪ್ಷನಲ್ ಫೀಚರ್ಸ್' ಎಂಬಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಅನ್ನು ಹುಡುಕಿ ಸೇರಿಸಿಕೊಂಡರೆ ತುಂಗಾ ಮರಳಿ ಬರುತ್ತದೆ, ಹಳೆಯ ಪುಟಗಳೂ ನೆಟ್ಟಗಾಗುತ್ತವೆ.